ಇನ್ನೊಂದು ವರ್ಷ ಆಡಲೋ, ಬಿಡಲೋ

ಪಂದ್ಯ ಮುಗಿದ ಮೇಲೆ ಮೈಕ್ ಹಿಡಿದು ಒಂದು ಮಾತು ಹೇಳಬೇಕಿತ್ತು: ಇನ್ನೊಂದು ವರ್ಷ ಆಡ್ತೀನಿ, ಇಲ್ಲಾ ಇವತ್ತಿಗೆ ಸಾಕು. ಎರಡರಲ್ಲಿ ಯಾವುದು ಅಂತ ಬೂಟಿನ ಲೇಸು ಕಟ್ಟುವಾಗಲೂ ನನಗೆ ಗೊತ್ತಿರಲಿಲ್ಲ.

ಕ್ಲಬ್ಬಿನ ಅಧ್ಯಕ್ಷರದು ಒಂದೇ ರಾಗ. "ನೀನಿಲ್ಲದ ಟೀಮನ್ನ ಜನ ಟೀಮು ಅಂತಾರೇನಯ್ಯಾ? ಇನ್ನೊಂದು ವರ್ಷ ನೂಕು." ಮನೆಯವಳದು ಬೇರೆ ರಾಗ. ದಿನಾ ಸಂಜೆ ನನ್ನ ಬಲಮಂಡಿಗೆ ಐಸ್ ಇಡುವವಳು ಅವಳು, ನಾನು ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿಯುವುದನ್ನು ನೋಡುವವಳೂ ಅವಳೇ. "ರೀ, ಮಂಡಿ ಕ್ಲಬ್ಬಿನದಲ್ಲ, ನಮ್ಮದು" ಅಂತಾಳೆ. ಎತ್ತು ಏರಿಗೆ, ಕೋಣ ನೀರಿಗೆ. ಇಬ್ಬರೂ ನನ್ನ ಒಳ್ಳೇದಕ್ಕೇ ಹೇಳ್ತಾರಂತೆ.

ಮೀಸೆ ಚಿಗುರುವ ಮೊದಲೇ ಈ ಕ್ಲಬ್ಬಿಗೆ ಬಂದವನು ನಾನು. ದೊಡ್ಡ ದೊಡ್ಡವರು ಕರೆದರು, ಹೋಗಲಿಲ್ಲ. ನಿಷ್ಠೆ ಅಂತ ಪೇಪರಿನವರು ಬರೆದರು. ನಿಷ್ಠೆಯೂ ಇಲ್ಲ, ಮಣ್ಣೂ ಇಲ್ಲ. ಹೊಸ ಜಾಗದಲ್ಲಿ ನನಗೆ ನಿದ್ದೆ ಬರಲ್ಲ, ಅಷ್ಟೇ. ಮೂಗು ಮುರಿಯಿತು, ಹಲ್ಲು ಹೋಯಿತು, ತೋಳಿಗೆ ನಾಯಕನ ಪಟ್ಟಿ ಬಂತು. ಪಟ್ಟಿ ಬಂದ ಮೇಲೆ ಸೋತಾಗಲೆಲ್ಲ ಬೈಗುಳವೂ ನನ್ನ ಪಾಲಿಗೇ ಬಂತು. ಗೋಲು ಹೊಡೆದವನ ಫೋಟೋ ಹಾಕ್ತಾರೆ, ಹೊಡೆಯಲು ಬಿಡದವನದು ಯಾರು ಹಾಕ್ತಾರೆ? ಆದರೂ ಗ್ಯಾಲರಿಯವರು ನನಗೆ "ಚಿಲಕ" ಅಂತ ಹೆಸರಿಟ್ಟು ಕೂಗುತ್ತಿದ್ದರು. ಸುಳ್ಳು ಯಾಕೆ, ಖುಷಿಯಾಗುತ್ತಿತ್ತು.

ಇವತ್ತಿನದು ನನ್ನ ಸನ್ಮಾನಕ್ಕೆ ಅಂತಲೇ ಇಟ್ಟ ಪಂದ್ಯ. ಎದುರಿಗೆ ಪಕ್ಕದ ಊರಿನ ಕ್ಲಬ್ಬು. ಅವರ ಸ್ಟ್ರೈಕರ್ ಬೇರೆ ಯಾರೂ ಅಲ್ಲ, ನನ್ನ ಹೆಂಡತಿಯ ಕಡೇ ತಮ್ಮ. ಅವನಿಗೆ ಚೆಂಡು ಒದೆಯೋದು ಹೇಳಿಕೊಟ್ಟವನೇ ನಾನು.

ಮೊದಲರ್ಧದಲ್ಲಿ ಏನು ಆಡಿದೆ ಅಂತೀರಿ. ಅವರ ಕಾಲಿನಿಂದ ಚೆಂಡನ್ನ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದೆ. ಮಂಡಿ ಬಾಯಿ ಮುಚ್ಚಿಕೊಂಡಿತ್ತು. ಹಿಗ್ಗಿ ಹೀರೇಕಾಯಾದೆ. ಆಡೇ ಬಿಡೋಣ ಇನ್ನೊಂದು ವರ್ಷ, ಅವಳನ್ನ ಹೇಗೋ ಒಪ್ಪಿಸೋಣ ಅಂದುಕೊಂಡೆ. ಅದೇ ಹುರುಪಲ್ಲಿ ಚೆಂಡು ತಗೊಂಡು ಮುಂದಕ್ಕೆ ಓಡಿದೆ. ಯಾರೂ ಅಡ್ಡ ಬರಲಿಲ್ಲ. ಅವರಲ್ಲೊಬ್ಬ, ಮದುವೆಮನೆಯಲ್ಲಿ ಹಿರಿಯರಿಗೆ ದಾರಿ ಬಿಡೋ ಹಾಗೆ ಸರಿದು ನಿಂತು, "ಬನ್ನಿ ಸಾರ್" ಅಂದ.

ಬನ್ನಿ ಸಾರ್ ಅಂತೆ. ಆಟದ ಮಧ್ಯೆ. ನನಗೆ ದಿಕ್ಕೇ ತೋಚಲಿಲ್ಲ. ಎದುರಿಗೆ ಅಷ್ಟು ಖಾಲಿ ಜಾಗ ಇಟ್ಟುಕೊಂಡು, ತಿರುಗಿ ನಮ್ಮ ಗೋಲ್‌ಕೀಪರಿಗೇ ಚೆಂಡು ಒದ್ದುಬಿಟ್ಟೆ.

ಬಿಡುವಿನಲ್ಲಿ ನಲ್ಲಿಯ ಹತ್ತಿರ ಭಾವಮೈದುನನನ್ನು ಹಿಡಿದೆ.

"ಏನೋ ಇದು? ಬಿಟ್ಟುಕೊಡ್ತಿದ್ದೀರಾ ನನಗೆ?"

"ಛೇ ಛೇ, ನೀವು ಚೆನ್ನಾಗೇ ಆಡ್ತಿದ್ದೀರಿ ಭಾವ."

"ಕಾಗೆ ಹಾರಿಸಬೇಡ."

ಅವನು ಮುಖ ಒರೆಸಿಕೊಂಡ. "ನಿಮ್ಮ ಅಧ್ಯಕ್ಷರು ಬಂದು ಹೇಳಿದ್ರು. ಯಾರೂ ಅವರ ಮೈಮೇಲೆ ಬೀಳಬೇಡಿ, ಮರ್ಯಾದೆಯಿಂದ ಆಡಿ ಅಂತ."

"ಅಂದ್ರೆ ನಾನು ಕಿತ್ತುಕೊಂಡಿದ್ದೆಲ್ಲ ಭಿಕ್ಷೆ?"

"ಎಲ್ಲಾ ಅಲ್ಲ ಭಾವ."

"ಯಾವುದು ಅಲ್ಲ, ಅದನ್ನ ಹೇಳು."

"ಹೇಗೆ ಹೇಳ್ಲಿ? ನನಗೂ ಗೊತ್ತಿಲ್ಲ."

ಅವನ ಅಂಗಿ ಹಿಡಿದುಕೊಂಡೆ. "ನೋಡು, ಮೈಕ್ ಮುಂದೆ ನಾನು ಏನು ಹೇಳಬೇಕೋ ನನಗೆ ತಿಳೀತಿಲ್ಲ. ಒಂದೇ ಒಂದು ಸಲ ನಿಜವಾಗಿ ಬಾ. ಭಾವ ಗೀವ ಏನೂ ಬೇಡ." ಆಯ್ತು ಅಂದ.

ಹಾಗಂದು ಹೋದವನನ್ನ ನನ್ನ ಹೆಂಡತಿ ಬೇಲಿಯ ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದಳು. ಅವನು ತಲೆಯಾಡಿಸಿದ. ನನ್ನ ತಲೆ ಕೆಟ್ಟು ಗೊಬ್ಬರವಾಯಿತು. ಇವನು ನನ್ನನ್ನ ದಾಟದಿದ್ದರೆ ಅದು ಅಧ್ಯಕ್ಷರ ಮಾತು. ದಾಟಿದರೆ ಅಕ್ಕನ ಮಾತು. ಹಾಗಾದರೆ ನನ್ನ ಕಾಲಿನ ಸತ್ಯ ಹೇಳೋರು ಯಾರು?

ಎರಡನೇ ಅರ್ಧದಲ್ಲಿ ಬಹಳ ಹೊತ್ತು ಅವನು ನನ್ನ ಕಡೆ ಸುಳಿಯಲೇ ಇಲ್ಲ. ಆಮೇಲೆ ಬಂದ. ಎಡಕ್ಕೆ ಹೋಗ್ತಾನೆ ಅಂತ ನನಗೆ ಗೊತ್ತು, ಹುಡುಗನಾಗಿದ್ದಾಗಿಂದ ಎಡಕ್ಕೇ ಹೋಗೋದು. ಎಡಕ್ಕೇ ಹೋದ. ಗೊತ್ತಿದ್ದೂ ನನ್ನ ಕಾಲು ಆಮೇಲೆ ಹೊರಟಿತು. ನಾನು ತಿರುಗುವಷ್ಟರಲ್ಲಿ ಬಲೆ ಅಲುಗಾಡುತ್ತಿತ್ತು. ಅಭ್ಯಾಸಬಲ, ಆಫ್‌ಸೈಡ್ ಅಂತ ಕೈ ಎತ್ತಿದೆ. ಗೆರೆಯ ಹತ್ತಿರ ಇದ್ದ ಲೈನ್ಸ್‌ಮನ್ ಬಾವುಟ ಎತ್ತಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು.

ಆಟ ಮುಗಿಯಿತು. ಅಧ್ಯಕ್ಷರು ಮೈಕ್ ತಟ್ಟಿ ನೋಡುತ್ತಿದ್ದರು. ನಾನು ನೇರ ಅವನ ಹತ್ತಿರ ಹೋದೆ.

"ಅಕ್ಕ ಹೇಳಿದ್ದಕ್ಕೆ ದಾಟಿದ್ಯಾ? ನಿಜ ಹೇಳು, ಬೇಜಾರಿಲ್ಲ."

"ಅಕ್ಕ ಹೇಳಿದ್ದು, ಅವರ ಮಂಡಿಗೆ ತಾಗಿಸಬೇಡ ಅಂತ ಭಾವ."

"ಮತ್ತೆ? ನಾನು ಕೇಳಿದ್ದಕ್ಕಾ?"

ಅವನು ಬೂಟಿನ ತುದಿಯಿಂದ ಹುಲ್ಲು ಕೆದಕಿದ. "ಬೈಬೇಡಿ. ನೀವು ಹೇಳಿದ್ದೂ ಆಗ ನೆನಪಾಗಲಿಲ್ಲ. ಗೋಲ್‌ಕೀಪರ್ ಮುಂದೆ ಬಂದಿದ್ದ, ಮೂಲೆ ಖಾಲಿ ಕಾಣ್ತು, ಓಡಿದೆ. ಎದುರಿಗಿದ್ದದ್ದು ನೀವು ಅಂತ ಹೊಡೆದ ಮೇಲೇ ಗೊತ್ತಾಗಿದ್ದು."

ಇಷ್ಟು ವರ್ಷದಲ್ಲಿ ನನ್ನನ್ನ ಬೈದವರಿದ್ದಾರೆ, ಒದ್ದವರಿದ್ದಾರೆ, ನನಗೆ ಹೆದರಿ ಚೆಂಡು ಬಿಟ್ಟವರಿದ್ದಾರೆ. ಇದ್ದೀನಿ ಅಂತಲೇ ಗೊತ್ತಾಗದೆ ಹೋದವರು ಒಬ್ಬರೂ ಇರಲಿಲ್ಲ. ಅವನ ಬೆನ್ನು ತಟ್ಟಿ, "ಒಳ್ಳೇ ಗೋಲು ಕಣೋ" ಅಂದೆ.

ಆಮೇಲೆ ಹೋಗಿ ಮೈಕ್ ತಗೊಂಡು, "ಇವತ್ತಿಗೆ ಸಾಕು" ಅಂತ ಹೇಳಿದೆ.