ಎಡಗಡೆಯ ಸದ್ದು

ಸರ್ರ್— ಮತ್ತೆ ಬಂತು, ಎಡಗಡೆಯ ಸ್ಪೀಕರಿನಲ್ಲಿ ಮಾತ್ರ, ಕಾದ ಎಣ್ಣೆಗೆ ಹಸಿ ಕರಿಬೇವು ಬಿದ್ದಂತೆ, ನಡುನಡುವೆ ಪಟ್ ಪಟ್, ಬಲಗಡೆ ಒಂದಿಷ್ಟೂ ಇಲ್ಲ, ಫಿರದೋಸ್ ಮುಚ್ಚಳ ತೆಗೆದ ಪ್ರೀ-ಆಂಪ್ ಮೇಲೆ ಬಗ್ಗಿ, ಇಷ್ಟು ಸಾಮಾನಿನಲ್ಲಿ ಯಾವುದರ ಮೇಲೆ ಸಂಶಯಪಡಲಿ ಎಂದು ಒಂದೊಂದನ್ನೇ ದಿಟ್ಟಿಸಿದಳು, ತ್ರ್ಯಂಬಕರಾಯರದು ಇದು, ಹಿಂದೆ ಯಾವಾಗಲೋ ಮುಂಬಯಿಯಿಂದ ತಂದ ಜಪಾನಿ ಪೆಟ್ಟಿಗೆ, ಹಾಡಿನ ಪ್ಲೇಟಿನ ಮುಳ್ಳು ಎತ್ತಿದ ಸಣ್ಣ ದನಿಯನ್ನು ಹಿಗ್ಗಿಸಿ ಆಂಪ್ಲಿಫೈಯರಿಗೆ ಒಪ್ಪಿಸುವುದು ಇದರ ಕೆಲಸ, ಬೆಳಿಗ್ಗೆ ಚಚಡಿಯಿಂದ ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬೈಲಹೊಂಗಲದ ಈ ಅಂಗಡಿಗೆ ತಂದಿದ್ದರು, ನೋಡವಾ ತಂಗಿ, ಇಷ್ಟ ವರ್ಷ ನನ್ನ ಎಡಗಿವೀನ ಕೆಟ್ಟದ ಅಂತ ತಿಳದಿದ್ದೆ, ಧಾರವಾಡದಾಗ ಡಾಕ್ಟರಿಗೆ ತೋರಿಸಿದೆ, ಎಣ್ಣಿ ಬಿಟ್ಟಕೊಂಡೆ, ಕಡೀಕ ಹಾಡ ಕೇಳೂದನ್ನ ಬಿಟ್ಟೆ, ಮೊನ್ನೆ ಮಗಳು ಭಾವನಾ ತವರಿಗೆ ಬಂದಾಕಿ ಅಂದ್ಲು, ಕಿವಿ ಅಲ್ಲ ಅಪ್ಪಾ, ಸೆಟ್ಟಿಂದು ಸದ್ದು ಅಂತ, ಎಂದು ನಕ್ಕಿದ್ದರು, ನಗುವಂಥದ್ದೇನಿತ್ತು ಅದರಲ್ಲಿ, ಕಿವಿ ಕೆಟ್ಟದ ಅಂತ ಹೇಳಿದವರ‍್ಯಾರರಿ ಕಾಕಾ ಎಂದು ಕೇಳಿದ್ದಕ್ಕೆ ರಾಯರು ಮೂಲೆಯ ಕುರ್ಚಿಯ ಕಡೆ ನೋಡಿದ್ದರು, ಅಲ್ಲಿ ಅವಳ ಅಪ್ಪ, ಈ ಅಂಗಡಿ ಕಟ್ಟಿದ ಅಲ್ಲಾಸಾಬ, ಪೊರೆ ಬಂದ ಕಣ್ಣು ಮುಚ್ಚಿ ತಸ್ಬಿಯ ಮಣಿ ಎಣಿಸುತ್ತ ಕೂತಿದ್ದ.

ಅವಳ ಸಂಶಯ ಮೊದಲು ಹೋದದ್ದು ಸವದತ್ತಿಯ ಮೆಕ್ಯಾನಿಕ್ ಮುದಕಪ್ಪನ ಮೇಲೆ, ಡೂಪ್ಲಿಕೇಟ್ ಮಾಲು ತುರುಕುವುದರಲ್ಲಿ ಎತ್ತಿದ ಕೈ ಅವನದು, ಸ್ಕ್ರೂ ತಲೆ ಸವೆದಿದೆ, ಯಾರೋ ಹಿಂದೆ ಬಿಚ್ಚಿದ್ದಾರೆ, ಇರಲಿ, ಮೊದಲು ಸದ್ದಿನ ಜಾಡು ಹಿಡಿಯಬೇಕು, ವಾಲ್ಯೂಮ್ ಇಳಿಸಿದಳು, ಸದ್ದೂ ಇಳಿಯಿತು, ಅಂದರೆ ತಪ್ಪು ವಾಲ್ಯೂಮಿಗಿಂತ ಮುಂಚೆಯೇ ಇದೆ, ಅಪ್ಪನೇ ಕಲಿಸಿದ ಪಾಠ, ಆದರೆ ಮೂಲೆಯಿಂದ ಅಪ್ಪನೇ ಹೇಳುತ್ತಾನೆ, ವಾಲ್ಯೂಮ್ ಕಂಟ್ರೋಲ್ ಬದಲಿ ಮಾಡಿಬಿಡ ಬೇಟಿ, ಅದಽ ಇರತೈತಿ— ಅದು ಹೇಗೆ, ಪಾಠ ಮರೆತನೇ, ಮರೆಯುವವನಲ್ಲ, ಪ್ಲೇಟಿನಿಂದ ಬರುವ ಎಡಬಲದ ವೈರು ಅದಲುಬದಲು ಮಾಡಿದಳು, ಸದ್ದು ಎಡಕ್ಕೇ ಉಳಿಯಿತು, ಪ್ಲೇಟಿನದಲ್ಲ, ವೈರಿನದಲ್ಲ, ಪೆಟ್ಟಿಗೆಯದೇ, ಸ್ಕ್ರೂಡ್ರೈವರಿನ ತುದಿಯಿಂದ ಒಂದೊಂದನ್ನೇ ಮುಟ್ಟುತ್ತ ಹಿಂದಕ್ಕೆ ಹೋದಳು, ಮುಟ್ಟಿದಾಗಲೆಲ್ಲ ಸ್ಪೀಕರು ಟಕ್ ಎನ್ನುತ್ತದೆ, ಮೊದಲ ಟ್ರಾನ್ಸಿಸ್ಟರಿಗೆ ಹತ್ತಿರವಾದಷ್ಟೂ ಜೋರಾಗುತ್ತದೆ, ಅದನ್ನೇ ಮುಟ್ಟಿದಾಗ ಢಂ ಎಂದಿತು, ಅಪ್ಪನ ಬೆರಳಲ್ಲಿ ಮಣಿ ನಿಂತಿತು, ಅದನ್ಯಾಕ ಮುಟ್ಟತಿ, ಅದು ಕಂಪನಿದು, ಅದಕ್ಕೇನೂ ಆಗಂಗಿಲ್ಲ— ಕಣ್ಣು ಕಾಣದವನು ಅವಳ ಕೈ ಎಲ್ಲಿದೆಯೆಂದು ಸದ್ದಿನಿಂದಲೇ ಹಿಡಿದ, ಅದು ಸರಿ, ಆದರೆ ಅವನನ್ನು ಕೇಳಿದವರಾರು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಥೂ, ಹೆತ್ತಪ್ಪನ ಬಗ್ಗೆ ಇದೆಂಥ ಯೋಚನೆ, ನಾಚಿಕೆಯಾಯಿತು, ನಾಚುತ್ತಲೇ ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ ಆ ಟ್ರಾನ್ಸಿಸ್ಟರಿನ ತಲೆಗಿಟ್ಟಳು, ಅದು ತಣ್ಣಗಾದೊಡನೆ ಸದ್ದು ನಿಂತಿತು, ಹತ್ತಿ ಆರಿತು, ಮತ್ತೆ ಸರ್ರ್.

ಸಿಕ್ಕಿತು, ಹಿಗ್ಗಬೇಕಿತ್ತು, ಹಿಗ್ಗಲಿಲ್ಲ, ಬಲಗಡೆಯ ಅಂಥದೇ ಟ್ರಾನ್ಸಿಸ್ಟರಿನ ತಲೆಯ ಮೇಲೆ ಹಸಿರು ಬೊಟ್ಟು, ಸದ್ದು ಮಾಡದ ಜೋಡಿಯನ್ನು ಆರಿಸಿ ಕಂಪನಿಯವರು ಇಟ್ಟ ಗುರುತು, ಎಡಗಡೆಯದು ಬೋಳು, ಬೋರ್ಡು ಮಗುಚಿದಳು, ಬೋಳಿನ ಬೆಸುಗೆಗೆ ಒಂದು ಸಣ್ಣ ಬಾಲ, ಎಡಗೈಯವರು ಬೆಸುಗೆ ಕಡ್ಡಿ ಎತ್ತಿದಾಗ ಹೊರಳುವ ಕಡೆಗೇ ಹೊರಳಿದೆ, ಮುದಕಪ್ಪ ಎಡಚನಲ್ಲ, ಅಪ್ಪನ ಪಕ್ಕ ಕೂತು ನೋಡಿ ಈ ಬಾಲವನ್ನು ಅವಳು ಅಕ್ಷರ ಕಲಿಯುವ ಮೊದಲೇ ಬಲ್ಲಳು, ಮತ್ತೆ ಹಸಿರು ಬೊಟ್ಟು, ಅದನ್ನೆಲ್ಲಿ ನೋಡಿದ್ದೆ, ಎಲ್ಲಿ— ಆಗಿನ್ನೂ ಸಣ್ಣವಳು, ಅಮ್ಮ ರಹೀಮಬಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಾಳೆ, ಅಪ್ಪ ತಾನೇ ಕಟ್ಟಿದ ಹೊಸ ಸೆಟ್ಟನ್ನು ಮನೆಯಲ್ಲಿ ಹಾಕುತ್ತಾನೆ, ಓಣಿಯ ಮಂದಿ ಸ್ಪೀಕರಿಗೆ ಕಿವಿಯಿಟ್ಟು ನೋಡುತ್ತಾರೆ, ಸರ್ರ್ ಅನ್ನೂದಿಲ್ಲಲೋ ಇದು, ಅಲ್ಲಾಸಾಬಂದು ಕೈ ಅಲ್ಲ, ಜಾದೂ, ಆ ಒಂದು ಮಾತಿನ ಮೇಲೆಯೇ ಅಂಗಡಿ ನಿಂತಿತು, ಕಿತ್ತೂರಿನಿಂದ, ರಾಮದುರ್ಗದಿಂದ ಗಿರಾಕಿಗಳು ಬಂದರು, ಸಣ್ಣ ಫಿರದೋಸ್ ಸೆಟ್ಟಿನೊಳಗೆ ಇಣುಕಿ, ಇದೇನಪಾ ಹಸರ ಬೊಟ್ಟ, ಎನ್ನುತ್ತಾಳೆ, ದೃಷ್ಟಿ ಬೊಟ್ಟವಾ, ಮಂದಿ ಕಣ್ಣು ತಾಗಬಾರದಂತ, ಎಂದು ಅಪ್ಪ ಗಲ್ಲ ಹಿಂಡುತ್ತಾನೆ— ದೃಷ್ಟಿ ಬೊಟ್ಟು ಕರಿ ಇರುತ್ತದೆ ಎಂದು ಆಗಲೇ ಹೊಳೆಯಬಾರದಿತ್ತೇ, ಮನೆಯ ಸೆಟ್ಟಿನ ಆ ಮೌನ ರಾಯರದು, ಎಂದೋ ರಿಪೇರಿಗೆ ಬಂದಾಗ ರಾಯರ ಎಡಗಿವಿಯಿಂದ ಕಿತ್ತು ತಂದದ್ದು, ಮೇಲೆ ಕಿವಿ ತೋರಸ್ಕೋರಿ ಎಂದು ಅವರನ್ನೇ ಕಳಿಸಿದ್ದು.

ಊಟ ಮುಗಿಸಿ ರಾಯರು ಬಂದೇಬಿಟ್ಟರು, ಏನವಾ ಫಿರದೋಸ, ಕೆಟ್ಟಿದ್ದು ನನ್ನ ಕಿವಿಯೋ ಸೆಟ್ಟೋ, ಮತ್ತೆ ಅದೇ ನಗು, ಹಳೇ ಮಾಲರಿ, ವಯಸ್ಸಾಗೇದ ಅಂದುಬಿಡಲೇ, ಹೊಸ ಟ್ರಾನ್ಸಿಸ್ಟರು ಹಾಕಿ ಕಳಿಸಿದರೆ ಯಾರಿಗೆ ಗೊತ್ತಾಗುತ್ತದೆ, ಅಪ್ಪನ ಹೆಸರು ಉಳಿಯುತ್ತದೆ, ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದಾನೆ, ಅವಳ ಬಾಯಿಂದ ಏನು ಬರುತ್ತದೆಯೆಂದು ಕಾಯುತ್ತಿದ್ದಾನೆ, ನಿಮ್ಮ ಕಿವಿ ಚೊಲೋ ಅದಾವರಿ ಕಾಕಾ, ಎಂದೂ ಕೆಟ್ಟಿರಲಿಲ್ಲ, ಇದರ ಒಂದು ಸಾಮಾನು ನಮ್ಮ ಮನ್ಯಾಗೈತಿ, ಹೋಗಿ ತರತೇನಿ, ಎಂದಳು, ನಿಮ್ಮ ಮನ್ಯಾಗ ಯಾಕ ಐತವಾ, ಎನ್ನುತ್ತ ರಾಯರ ಮುಖ ನಗುವನ್ನು ಅರ್ಧಕ್ಕೆ ಬಿಟ್ಟು ಮೂಲೆಯ ಕಡೆ ತಿರುಗಿತು, ಅಪ್ಪನ ಬೆರಳಲ್ಲಿ ಮಣಿ ಸರಿಯಲಿಲ್ಲ, ಅವಳು ಚಪ್ಪಲಿ ಮೆಟ್ಟಿದಳು, ಅಮ್ಮ ಈಗ ಸೆಟ್ಟು ಹಾಕಿಕೊಂಡು ಅಕ್ಕಿ ಆರಿಸುತ್ತಿರುತ್ತಾಳೆ, ಹಾಡು ನಿಲ್ಲಿಸಬೇಕು, ಮುಚ್ಚಳ ಬಿಚ್ಚಬೇಕು, ಯಾಕವಾ, ಚೊಲೋ ಐತೆಲ್ಲ, ಎಂದು ಅಮ್ಮ ಕೇಳುತ್ತಾಳೆ, ಏನೆಂದು ಹೇಳುವುದು, ಒಳಗೆ ಹಸಿರು ಬೊಟ್ಟು, ಏನೆಂದು, ಹಸಿರು ಬೊಟ್ಟು