ಆಚೆ ದಡಕ್ಕೆ ಬೆನ್ನು

ಸಲೋಮೆಗೆ ಸಿಟ್ಟು ಬಂದದ್ದು ಇವತ್ತು ನಿನ್ನೆಯಲ್ಲ. ಹೋದ ವರ್ಷ ಮನೆ ಬಿಡುವಾಗ ಬಂದ ಸಿಟ್ಟು ಅವಳ ಸಾಮಾನು ಸರಂಜಾಮಿನ ಜೊತೆಗೇ ಸೇತುವೆ ದಾಟಿ, ಚಿಕ್ಕ ಬಾಸೆಲ್‌ನ ನದಿಬೀದಿಯಲ್ಲಿ ಬಿಡಾರ ಹೂಡಿತ್ತು.

ಬಾಸೆಲ್ ಒಂದೇ ಊರು, ನಡುವೆ ರೈನ್ ನದಿ: ಆಚೆ ದಡ ದೊಡ್ಡ ಬಾಸೆಲ್, ಈಚೆಯದು ಚಿಕ್ಕದು. ಆಚೆ ಗುಡ್ಡದ ಮೇಲಿನ ಜನ ಈಚೆಗೆ ಬರುವುದು ಜರ್ಮನಿಯ ರೈಲು ಹಿಡಿಯುವುದಕ್ಕೆ, ವಾಸಕ್ಕಲ್ಲ. ಅರವತ್ತು ಹತ್ತಿರವಾಗುವವರೆಗೂ ಸಲೋಮೆಯದೂ ಅದೇ ಲೆಕ್ಕಾಚಾರ. ಅಣ್ಣ ಮಾಥಿಸ್‌ನ ಮನೆಯ ಮೇಲಿನ ಮಹಡಿಯಲ್ಲಿ ಮಕ್ಕಳಿಗೆ ಪಿಯಾನೊ ಪಾಠ ಹೇಳಿಕೊಂಡು ಒಬ್ಬಳೇ ಇದ್ದಳು. ಒಂದು ಭಾನುವಾರ ಊಟಕ್ಕೆ ಕೂತಾಗ ಅಣ್ಣ ಸೂಪಿನ ಬಟ್ಟಲು ದಾಟಿಸುತ್ತಾ ಹೇಳಿದ: "ಮಗಳು ಮೇಲ್ಗಡೆ ಆಫೀಸು ಮಾಡ್ತಾಳಂತೆ. ಬೇಸಿಗೆಯೊಳಗೆ ನೀನು ಎಲ್ಲಾದ್ರೂ ನೋಡ್ಕೊ."

ಕೇಳಲಿಲ್ಲ, ಹೇಳಿದ. ಅತ್ತಿಗೆ ಓಡೀಲ್ ಸೂಪಿಗೆ ಉಪ್ಪು ಸಾಲದು ಅಂದಳು. ಆ ಮನೆಯಲ್ಲಿ ಯಾರೂ ದನಿ ಎತ್ತುವ ಪದ್ಧತಿ ಇಲ್ಲ. ಸಲೋಮೆ ಸುಮ್ಮನೆ ಎದ್ದು ಮೇಲೆ ಹೋಗಿ ಕಿಟಕಿ ಮುಚ್ಚಿಕೊಂಡಳು. 

ಹೊಸ ಮನೆಯ ಕಿಟಕಿಯಿಂದ ನೋಡಿದರೆ ನೀರಿನಾಚೆ ಅಣ್ಣನ ಮನೆಯ ಹೆಂಚೇ ಕಾಣಬೇಕೆ! ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು. ಇತ್ತ ಬೀದಿಯಲ್ಲೋ ಗಲಾಟೆಯೇ ಗಲಾಟೆ. ಬೇಸಿಗೆಯಲ್ಲಿ ಜನ ಬಟ್ಟೆಬರೆಯನ್ನು ನೀರಿಳಿಯದ ಚೀಲದಲ್ಲಿ ಕಟ್ಟಿ, ಅದನ್ನು ತಬ್ಬಿಕೊಂಡು ನದಿಯಲ್ಲಿ ತೇಲಿ ಬಂದು, ಅವಳ ಬಾಗಿಲ ಮುಂದೆಯೇ ಮೈ ಒರೆಸಿಕೊಳ್ಳುತ್ತಿದ್ದರು. ಮೂಲೆಯ ಬೇಕರಿಯ ತುರ್ಕಿ ಹೆಂಗಸು ನೂರಿಯೆ ಬೆಳಗಾಗೆದ್ದು ಹಾಡು ಹಾಕುತ್ತಿದ್ದಳು. ಮೇಲಿನ ಮನೆಯ ನೆಲ್ಲೊ ಬರ್ನಾಸ್ಕೋನಿ ಟ್ರಾಮ್ ಓಡಿಸಿ ನಿವೃತ್ತನಾದವನು. ಸಂಜೆಯಾದರೆ ಸಾಕು, ಮರದ ಹಲಗೆಯ ಮೇಲೆ ಅವನ ಡ್ರಮ್ಮಿನ ಅಭ್ಯಾಸ ಶುರು.

ಬಂದ ವಾರವೇ ಸಲೋಮೆ ಮೆಟ್ಟಿಲು ಹತ್ತಿ ಹೋಗಿ ಅವನ ಬಾಗಿಲು ಬಡಿದಳು.

"ಏನ್ರೀ ಇದು, ಮನೆಯೋ ಬಡಗಿ ಅಂಗಡಿಯೋ?"

"ಕಾರ್ನಿವಲ್ ಮೆರವಣಿಗೆಗೆ ಅಭ್ಯಾಸ ಕಣಮ್ಮ. ನಿಮ್ಮ ಗುಡ್ಡದ ಮೇಲೆ ಬಾರಿಸಲ್ವಾ?"

"ಬಾರಿಸ್ತಾರೆ. ಎರಡು ಕೈಲೂ ಬಾರಿಸ್ತಾರೆ. ನಿಮ್ಮ ಎಡಗೈ ನಿದ್ದೆ ಹೊಡೀತಿದೆ."

ಅವನು ದಡಾರನೆ ಬಾಗಿಲು ಹಾಕಿಕೊಳ್ಳುತ್ತಾನೆ ಅಂದುಕೊಂಡಳು. ಅವನು ಇನ್ನಷ್ಟು ತೆರೆದ. "ಎಡಗೈಗೆ ಏನಾಗಿದೆ? ನಮ್ಮಪ್ಪ ಕಲಿಸಿದ ಎಡಗೈ ಇದು. ಒಳಗೆ ಬಂದು ಪೂರ್ತಿ ಕೇಳಿ, ಆಮೇಲೆ ಬೈರಿ."

ಪೂರ್ತಿ ಕೇಳಿದಳು, ಪೂರ್ತಿ ಬೈದಳು. ಅವನೂ ಬಿಡಲಿಲ್ಲ. ಕೆಳಗಿನ ಮನೆಯವರು ಮೆಟ್ಟಿಲಿಗೆ ಬಂದು ಒಬ್ಬೊಬ್ಬರು ಒಂದೊಂದು ಪಕ್ಷ ಹಿಡಿದರು. ಗುಡ್ಡದ ಮೇಲೆ ಸಿಟ್ಟು ಬಂದರೆ ಕಿಟಕಿ ಮುಚ್ಚುತ್ತಾರೆ, ಇಲ್ಲಿ ತೆರೆಯುತ್ತಾರೆ. ಸಲೋಮೆ ಗಂಟಲು ಕಟ್ಟಿಸಿಕೊಂಡು ಇಳಿದು ಬಂದು, ಎಷ್ಟೋ ತಿಂಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದಳು. ಆಮೇಲೆ ಹೋಗಿ ಬೈಯುವುದು ಅಭ್ಯಾಸವಾಯಿತು. ನೆಲ್ಲೊನ ಎಡಗೈಯೂ ಸ್ವಲ್ಪ ಎಚ್ಚರವಾಯಿತು.

ಹೊಸ ವರ್ಷ ಕಳೆದ ಮೇಲೆ ಅಣ್ಣನ ಫೋನು.

"ಓಡೀಲ್ ಜಾರಿಬಿದ್ದು ಸೊಂಟ ಮುರ್ಕೊಂಡಿದ್ದಾಳೆ ಕಣೆ. ನಿಂಗೂ ಆ ಗದ್ದಲದಲ್ಲಿ ಎಷ್ಟು ಕಷ್ಟವೋ ಏನೋ. ಹಿಂದ್ಗಡೆ ಕೋಣೆ ಖಾಲಿ ಮಾಡಿಸಿದೀನಿ, ಬಂದ್ಬಿಡು."

"ಯಾವುದು, ಇಸ್ತ್ರಿ ಮಾಡೋ ಕೋಣೆನಾ?"

"ಬೆಚ್ಚಗಿದೆ. ಪಿಯಾನೊ ಮಾತ್ರ ಯಾರಿಗಾದ್ರೂ ಕೊಟ್ಬಿಡು, ಓಡೀಲ್‌ಗೆ ಸದ್ದು ಆಗಲ್ಲ. ಶನಿವಾರ ವ್ಯಾನ್ ಕಳಿಸ್ತೀನಿ."

ಬೇಕಾದಾಗ ಹೊರಗೆ ಹಾಕುವುದು, ಬೇಕಾದಾಗ ಹೆಂಡತಿಯ ಸೇವೆಗೆ ಕರೆಯುವುದು, ಅದಕ್ಕೊಂದು ಕರುಣೆಯ ವೇಷ ಬೇರೆ. ಚಿಕ್ಕ ಬಾಸೆಲ್‌ನಲ್ಲಿ ಯಾರಾದರೂ ಇಷ್ಟಪಟ್ಟು ಇದ್ದಾರೆಂಬುದು ಅವನ ತಲೆಗೆ ಹೊಳೆಯುವಂತೆಯೇ ಇರಲಿಲ್ಲ.  ಆದರೆ ಬೀದಿಯನ್ನೆಲ್ಲ ಬೈದು ಪಳಗಿದ ಸಲೋಮೆಯ ನಾಲಿಗೆ ಅಣ್ಣನ ದನಿ ಕೇಳಿದ್ದೇ ತಡ ಒಳಗೆ ಸೇರಿಕೊಂಡಿತು. "ನೋಡ್ತೀನಿ ಅಣ್ಣ" ಅಂದುಬಿಟ್ಟಳು. ಆಮೇಲೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ನನ್ನ ಎಡಗೈನ ಬಾಯ್ತುಂಬ ಬೈತೀರಿ," ಅಂದ ನೆಲ್ಲೊ, ವಿಷಯ ತಿಳಿದು. "ಅವ್ರಿಗೆ ಒಂದು 'ಬರಲ್ಲ' ಅನ್ನೋಕಾಗಲ್ವಾ?"

"ಆಗಲ್ಲ ಕಣ್ರೀ. ಆ ಮನೇಲಿ ಹಾಗೆ ಬೆಳೆಸ್ಲಿಲ್ಲ ನನ್ನ."

"ಹಾಗಾದ್ರೆ ಶನಿವಾರ ಹೋಗಿ ಅತ್ತಿಗೆ ಗೌನು ಇಸ್ತ್ರಿ ಮಾಡಿ," ಎಂದು ಅವನು ಮೂಗು ಮುರಿದ. ಅವನಿಗೂ ಸಿಟ್ಟು ಬಂದಿತ್ತು.

ಶನಿವಾರಕ್ಕೆ ಮುಂಚೆ ಹಬ್ಬ ಬಂತು. ಜನವರಿಯ ಆ ಹಬ್ಬ ಚಿಕ್ಕ ಬಾಸೆಲ್‌ನವರದು ಮಾತ್ರ. ಮೈಗೆಲ್ಲ ಎಲೆ ಸುತ್ತಿಕೊಂಡ ಕಾಡುಮನುಷ್ಯನ ವೇಷದವನು, ಬೇರುಸಹಿತ ಕಿತ್ತ ಮರದ ಸಸಿ ಹಿಡಿದು, ತೆಪ್ಪದ ಮೇಲೆ ಕುಣಿಯುತ್ತಾ ಬರುತ್ತಾನೆ. ದಾರಿಯುದ್ದಕ್ಕೂ ಅವನ ಮುಖ ಚಿಕ್ಕ ಬಾಸೆಲ್ ಕಡೆಗೆ. ದೊಡ್ಡ ಬಾಸೆಲ್‌ಗೆ ಬೆನ್ನು, ಅಪ್ಪಿತಪ್ಪಿಯೂ ತಿರುಗುವಂತಿಲ್ಲ. ಚಿಕ್ಕಂದಿನಲ್ಲಿ ಸಲೋಮೆ ಕೇಳಿದ್ದಳು, ನಮಗೇಕೆ ಬೆನ್ನು ಎಂದು. "ಆ ಕಡೆಯವರಿಗೆ ಮರ್ಯಾದೆ ಗೊತ್ತಿಲ್ಲ" ಅಂದಿದ್ದರು ಅಪ್ಪ.

ದಡದಲ್ಲಿ ಜನ ಕಿಕ್ಕಿರಿದಿದ್ದರು. ಫಿರಂಗಿ ಢಂ ಎಂದಿತು, ಡ್ರಮ್ಮು ಕೇಳಿಸಿತು, ತೆಪ್ಪ ಹತ್ತಿರವಾಯಿತು. ಜೀವಮಾನವೆಲ್ಲ ಬೆನ್ನು ನೋಡಿದವಳಿಗೆ ಈಗ ಮುಖ ಕಂಡಿತು. ಜೊಂಪೆ ಗಡ್ಡ, ತಲೆಯ ಮೇಲೆ ಎಲೆ ಮತ್ತು ಸೇಬಿನ ಕಿರೀಟ. ಅವನು ಈ ದಡಕ್ಕೆ ಬಾಗಿ ನಮಸ್ಕರಿಸಿದ. ಆ ನಮಸ್ಕಾರದಲ್ಲಿ ತನ್ನ ಪಾಲೂ ಇದೆ ಎಂದು ಹೊಳೆದು ಸಲೋಮೆಯ ಕಣ್ಣು ತುಂಬಿತು.

ಆಗಲೇ ಫೋನು ಬಡಿದುಕೊಂಡಿತು.

"ಗುಡ್ಡದ ಚರ್ಚಿನ ಹಿಂದಿನ ಕಟ್ಟೆ ಮೇಲಿದೀನಿ," ಅಂದ ಅಣ್ಣ. "ದುರ್ಬೀನಲ್ಲಿ ನೀನು ಕಾಣ್ತಿದೀಯ. ಇಲ್ಲಿಂದ ಎಂದಿನ ಹಾಗೆ ಅವನ ಹಿಂಭಾಗವೇ, ಒರಟು ಜನ. ಸರಿ, ಶನಿವಾರ ವ್ಯಾನ್ ಎಷ್ಟೊತ್ತಿಗೆ ಕಳಿಸ್ಲಿ?"

ಸಲೋಮೆ ನದಿಯ ಕಡೆ ನೋಡಿದಳು.  ತೆಪ್ಪದ ಮೇಲೆ ಕಾಡುಮನುಷ್ಯ ಆಚೆ ದಡಕ್ಕೆ ಬೆನ್ನು ಕೊಟ್ಟು ಕುಣಿಯುತ್ತಲೇ ಇದ್ದ.

"ಅಣ್ಣ, ದುರ್ಬೀನು ಕೆಳಗಿಳಿಸ್ಬೇಡ," ಅಂದಳು.

ಅಂದವಳೇ ನದಿಗೆ, ಗುಡ್ಡಕ್ಕೆ, ಅಣ್ಣನಿಗೆ ಬೆನ್ನು ಹಾಕಿ ನಿಂತಳು. ನದಿ ನೋಡುತ್ತಿದ್ದ ಅಷ್ಟೂ ಜನರ ನಡುವೆ ಅವಳೊಬ್ಬಳೇ ತಿರುಗಿ ನಿಂತವಳು. ಹಿಂದಿದ್ದ ನೂರಿಯೆ ಸರಿದು ಜಾಗ ಬಿಟ್ಟಳು. ನೆಲ್ಲೊ ಟೋಪಿ ತೆಗೆದ.

"ಸಲೋಮೆ? ಯಾಕೆ ತಿರುಗಿದೆ? ಮುಖ ಕಾಣ್ತಿಲ್ಲ."

"ಬರಲ್ಲ," ಎಂದು ಕೂಗಿದಳು ಸಲೋಮೆ. ಬೀದಿಯೆಲ್ಲ ಕೇಳಿಸಿತು.

"ಕೂಗ್ಬೇಡ್ವೆ, ಜನ ನೋಡ್ತಾರೆ."

"ನೋಡ್ಲಿ," ಅಂದಳು. ತೆಪ್ಪ ಸೇತುವೆ ಮುಟ್ಟುವವರೆಗೂ ಹಾಗೆಯೇ ನಿಂತಿದ್ದಳು.