ನಡುವೆ ಯಾರೂ ಇಲ್ಲ

"ಉಸಿರು ಒಳಗೆ ಎಳ್ಕೋ. ಹಾಗೇ ಹಿಡ್ಕೋ" ಎಂದು ರತ್ನಪ್ರಭಾ ಮೊದಲು ಅರಬ್ಬಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದಳು. ಎದೆಯನ್ನು ಎಕ್ಸ್‌ರೇ ಹಲಗೆಗೆ ಒತ್ತಿಕೊಂಡಿದ್ದ ಹುಡುಗಿ ಯಾವ ಭಾಷೆಗೂ ಕಾಯದೆ, ಕೋಣೆಯೊಳಗೆ ಬಂದಾಗಿನಿಂದಲೇ ಉಸಿರು ಹಿಡಿದವಳಂತೆ ಕಂಬವಾಗಿ ನಿಂತಿದ್ದಳು. ರತ್ನಪ್ರಭಾ ಸೀಸದ ಪರದೆಯ ಹಿಂದೆ ಸರಿದು ಗುಂಡಿ ಒತ್ತಿದಳು.

ಒಮಾನ್ ದೇಶದ ರುಸ್ತಾಕ್ ಊರಿನ ಆ ಖಾಸಗಿ ಕ್ಲಿನಿಕ್ಕಿಗೆ ಹೊರದೇಶದಿಂದ ಕೆಲಸಕ್ಕೆ ಬಂದವರೆಲ್ಲ ಬರುತ್ತಿದ್ದರು. ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ ಆಗದೆ ಅವರಿಗೆ ವಾಸದ ಪರವಾನಗಿ ಸಿಗುತ್ತಿರಲಿಲ್ಲ. ಮೈಸೂರಿನಲ್ಲಿ ಕಲಿತ ಈ ಕೆಲಸವನ್ನು ರತ್ನಪ್ರಭಾ ಇಲ್ಲಿ ಒಂಬತ್ತು ವರ್ಷದಿಂದ ಮಾಡುತ್ತಿದ್ದಳು. ಗಂಡ ದೊರೆಸ್ವಾಮಿಗೆ ಸೊಹಾರ್ ಬಂದರಿನ ಕಡೆ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದ. ಮಗಳು ಹಿತಾ ಇಲ್ಲೇ ಇಂಡಿಯನ್ ಸ್ಕೂಲಿನಲ್ಲಿ ಒಂಬತ್ತನೆಯ ತರಗತಿ.

ತೊಳೆದ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನೋಡಿದಳು. ಶ್ವಾಸಕೋಶ ಸ್ವಚ್ಛವಾಗಿತ್ತು. ಕ್ಷಯದ ಕಲೆ ಎಲ್ಲೂ ಇರಲಿಲ್ಲ. ಆದರೆ ಅವಳ ಕಣ್ಣು ಮೇಲಿನ ಎರಡು ಮೂಲೆಗಳಿಗೆ ಹೋಗಿ ನಿಂತಿತು. ಎರಡೂ ಹೆಗಲಲ್ಲಿ ತೋಳಿನ ಮೂಳೆಗೂ ಅದರ ತಲೆಗೂ ನಡುವೆ ಒಂದು ಕಪ್ಪು ಗೆರೆ ಅಗಲವಾಗಿ ಬಿಟ್ಟುಕೊಂಡಿತ್ತು. ಬೆಳೆಯುವುದು ಮುಗಿದ ಮೈಯಲ್ಲಿ ಆ ಗೆರೆ ಕೂಡಿಕೊಂಡು ಮಾಯವಾಗಿರುತ್ತದೆ.

ಫೈಲಿನಲ್ಲಿದ್ದ ಪಾಸ್‌ಪೋರ್ಟಿನ ಪ್ರತಿಯನ್ನು ಇನ್ನೊಮ್ಮೆ ನೋಡಿದಳು. ಹೆಸರು ಜೇನ್, ದೇಶ ತಾಂಜಾನಿಯ, ಹುಟ್ಟಿದ್ದು 1980. ಈಗ 2004. ಕಾಗದದ ಪ್ರಕಾರ ಇಪ್ಪತ್ನಾಲ್ಕು.

ಹೋದ ತಿಂಗಳೂ ಇಂಥದೇ ಒಂದು ಫಿಲ್ಮ್ ಬಂದಿತ್ತು. ಅದನ್ನು ಡಾಕ್ಟರ್ ಬಾದುಶಾ ಅವರಿಗೆ ಅವಳೇ ತೋರಿಸಿದ್ದಳು. ಅವರು ಕೆಂಪು ಶಾಯಿಯಲ್ಲಿ 'ವಯಸ್ಸು ಸಂಶಯಾಸ್ಪದ' ಎಂದು ಬರೆದರು. ಆ ಹುಡುಗಿಯನ್ನು ಮುಂದಿನ ವಾರವೇ ವಿಮಾನ ಹತ್ತಿಸಿದರು. ಅಂದು ಸಂಜೆ ರತ್ನಪ್ರಭಾ ಹಿತಾಳಿಗೆ, "ಒಂದು ಮಗು ಇವತ್ತು ಮನೆ ಸೇರ್ತು ಕಣೇ" ಎಂದು ಹೇಳಿ, ಮನೆಯಲ್ಲಿ ಪಾಯಸ ಮಾಡಿದ್ದಳು.

ಜೇನ್ ಬಟ್ಟೆ ಸರಿಮಾಡಿಕೊಂಡು ಬೆಂಚಿನ ಅಂಚಿನಲ್ಲಿ ಕೂತಿದ್ದಳು. ರತ್ನಪ್ರಭಾ ಬಾಗಿಲು ಮುಂದೆಮಾಡಿ ಎದುರಿಗೆ ಕೂತಳು.

"ನಿನಗೆ ಎಷ್ಟು ವರ್ಷ?"

"ಇಪ್ಪತ್ನಾಲ್ಕು" ಎಂದಳು ಹುಡುಗಿ, ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ಹಾಗೆ.

ರತ್ನಪ್ರಭಾ ಅವಳನ್ನು ಬೆಳಕಿನ ಪೆಟ್ಟಿಗೆಯ ಹತ್ತಿರ ಕರೆದು ಗೆರೆಯ ಮೇಲೆ ಬೆರಳಿಟ್ಟಳು. "ಮೂಳೆ ಬೇರೆ ಹೇಳ್ತಿದೆ."

ಹುಡುಗಿ ತನ್ನದೇ ಹೆಗಲನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತುಂಡು ತುಂಡು ಇಂಗ್ಲಿಷಿನಲ್ಲಿ, "ಹದಿನಾಲ್ಕು. ಮಳೆ ಬಂದ ಮೇಲೆ ಹದಿನೈದು" ಎಂದಳು. "ಬರೀಬೇಡಿ ಮಾಮಾ." ಅವಳ ಭಾಷೆಯಲ್ಲಿ ಮಾಮಾ ಎಂದರೆ ಅಮ್ಮ.

"ಬರೆದ್ರೆ ನೀನು ಮನೆಗೆ ಹೋಗಬಹುದು. ಖರ್ಚೂ ಅವರದೇ."

"ಬೇಡ."

"ಮನೇಲಿ ಯಾರಿದಾರೆ?"

ಜೇನ್ ಬೆರಳು ಮಡಿಸಿದಳು. "ಅಜ್ಜಿ. ಆಮೇಲೆ ನಾನು. ಆಮೇಲೆ ಐದು ಮಕ್ಕಳು. ಮೂರು ನಮ್ಮಮ್ಮನವು, ಎರಡು ಚಿಕ್ಕಮ್ಮನವು."

"ಅಜ್ಜಿಗೂ ನಿನಗೂ ನಡುವೆ?"

"ನಡುವೆ ಯಾರೂ ಇಲ್ಲ." ಅದರಲ್ಲಿ ಕೇಳುವಂಥದ್ದೇನಿದೆ ಎಂಬಂತೆ ಅವಳು ಹುಬ್ಬೇರಿಸಿದಳು. "ಅಮ್ಮ, ಚಿಕ್ಕಮ್ಮ ಕಾಯಿಲೆಯಲ್ಲಿ ಹೋದರು. ಅಪ್ಪ ಗಣಿಗೆ ಹೋದವನು ಬರಲಿಲ್ಲ. ನಮ್ಮ ಓಣಿಯಲ್ಲಿ ಎಲ್ಲ ಮನೆಯೂ ಹಾಗೇ. ಅಜ್ಜಿಯರಿದ್ದಾರೆ, ಚಿಕ್ಕವರಿದ್ದಾರೆ. ನಾನೇ ದೊಡ್ಡವಳು."

ಮಡಿಸಿದ ಬೆರಳುಗಳಲ್ಲಿ ಒಂದನ್ನು ಬಿಡಿಸಿ ಹೇಳಿದಳು. "ನೀಮಾ ನನ್ನ ತಂಗಿ. ಹನ್ನೊಂದು. ನಾನು ವಾಪಸ್ ಹೋದರೆ ನನ್ನ ಬದಲು ಅವಳನ್ನು ಕರ್ಕೊಂಡು ಹೋಗ್ತೇನೆ ಅಂದಿದಾನೆ ಏಜೆಂಟ್. ಅಜ್ಜಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಾಳೆ."

ರತ್ನಪ್ರಭಾ ಬೆಳಕಿನ ಪೆಟ್ಟಿಗೆಯ ದೀಪ ಆರಿಸಿದಳು. ಹೊರಗೆ ಬಂದಳು. ಕಾಯುವ ಕೋಣೆಯಲ್ಲಿ ಹುಡುಗಿಯನ್ನು ಮನೆಗೆಲಸಕ್ಕೆ ಇಟ್ಟುಕೊಂಡು ಇಲ್ಲಿಗೆ ಕರೆತಂದಿದ್ದ ಒಮಾನಿ ಹೆಂಗಸು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅವಳು ಶಾಲೆಯಲ್ಲಿ ಟೀಚರ್, ರಜೆ ಹಾಕಿ ಬಂದಿದ್ದಳು. ಅವಳು ನಕ್ಕು, "ಮಕ್ಕಳ ಜೊತೆ ಬಹಳ ಹೊಂದಿಕೊಂಡಿದ್ದಾಳೆ. ಏನೂ ತೊಂದರೆ ಇಲ್ಲ ತಾನೆ?" ಎಂದು ವಿಚಾರಿಸಿದಳು. ಕೆಟ್ಟವಳಂತೆ ಕಾಣಲಿಲ್ಲ. ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಿತ್ತು ಎಂದು ರತ್ನಪ್ರಭಾಳಿಗೆ ಅನ್ನಿಸಿತು.

ಮೂಸಬ್ಬ ಫೈಲುಗಳನ್ನು ಜೋಡಿಸುತ್ತಿದ್ದ. ಪುತ್ತೂರು ಕಡೆಯವನು. ಕ್ಲಿನಿಕ್ಕಿನ ಕಾಗದಪತ್ರಗಳನ್ನೆಲ್ಲ ಸರ್ಕಾರಿ ಕಚೇರಿಗಳಿಗೆ ಹೊತ್ತು ತಿರುಗುವ ಕೆಲಸ ಅವನದು.

"ಎಂತ ಮೇಡಂ, ಆ ಫೈಲ್ ಇನ್ನೂ ಆಗ್ಲಿಲ್ವಾ? ಒಂದು ಗಂಟೆಗೆ ಡಾಕ್ಟರ್ ಬರ್ತಾರೆ."

"ಮೂಸಬ್ಬಣ್ಣ, ಆ ಹುಡುಗಿಗೆ ಹದಿನಾಲ್ಕು. ಫಿಲ್ಮಲ್ಲಿ ಎದ್ದು ಕಾಣ್ತಿದೆ."

"ಅದಕ್ಕೆ ಫಿಲ್ಮ್ ಯಾಕೆ? ಮುಖ ನೋಡಿದ್ರೇ ಗೊತ್ತಾಗ್ತದೆ. ಏರ್‌ಪೋರ್ಟಿನಲ್ಲಿ ಸೀಲು ಹೊಡೆದವನಿಗೂ ಗೊತ್ತಾಗಿರ್ಬೇಕು."

"ಡಾಕ್ಟರ್ ನೋಡಿದ್ರೆ ವಾಪಸ್ ಕಳಿಸ್ತಾರೆ. ಹೋದ ತಿಂಗಳು ಕಳಿಸಿದ್ರಲ್ಲ, ಹಾಗೆ."

ಮೂಸಬ್ಬ ಕೈಯಲ್ಲಿದ್ದ ಕಾಗದವನ್ನು ಕೆಳಗಿಟ್ಟ. "ಆ ಹುಡುಗಿ ಮನೆಗೆ ಹೋಗ್ಲಿಲ್ಲ ಮೇಡಂ. ಅಲ್ಲಿ ಇಳಿದ ಕೂಡ್ಲೇ ಏಜೆಂಟಿನ ಜನ ಬೇರೆ ಪಾಸ್‌ಪೋರ್ಟು ಮಾಡಿಸಿ ಬೇರೆ ಎಲ್ಲಿಗೋ ಹತ್ತಿಸಿದ್ರಂತೆ. ಇಲ್ಲಿಯ ಏಜೆನ್ಸಿಯವನೇ ನಗಾಡ್ತಾ ಹೇಳಿದ. ಆವತ್ತು ನಿಮಗೆ ಹೇಳ್ಲಿಕ್ಕೆ ನನಗೆ ಬಾಯಿ ಬರ್ಲಿಲ್ಲ. ನೀವು ಪಾಯಸ ತಂದು ಕೊಟ್ಟಿದ್ರಿ."

"ಹಾಗಾದ್ರೆ ಇದನ್ನ ಬರೀಲಾ, ಬೇಡ್ವಾ?" ಎಂದಳು ರತ್ನಪ್ರಭಾ.

"ಬರೀರಿ ಅಂತ ನಾನು ಹೇಳುದಿಲ್ಲ, ಬರೀಬೇಡಿ ಅಂತಲೂ ಹೇಳುದಿಲ್ಲ" ಎಂದ ಮೂಸಬ್ಬ. "ಆದ್ರೆ ಫಿಲ್ಮಿನ ಮೇಲೆ ನಿಮ್ಮ ನಂಬರುಂಟು. ನಾಳೆ ಯಾರಾದ್ರೂ ಕೇಳಿದ್ರೆ ಉತ್ತರ ನೀವೇ ಕೊಡ್ಬೇಕು. ಅದೊಂದು ನೆನಪಿರ್ಲಿ."

ಅವಳು ಕೋಣೆಗೆ ಮರಳಿದಳು. ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ. ಫಿಲ್ಮನ್ನು ಹಾಗೇ ಕಳಿಸಿದರೆ ಈ ಮಗು ವಾಪಸ್ ಹೋಗುತ್ತದೆ, ಹನ್ನೊಂದು ವರ್ಷದ ಇನ್ನೊಂದು ಮಗು ಹೊರಡುತ್ತದೆ. ಕಳಿಸದಿದ್ದರೆ ಈ ಮಗುವನ್ನು ತನ್ನ ಕೈಯಾರೆ ಇಪ್ಪತ್ನಾಲ್ಕರ ಹೆಂಗಸು ಮಾಡಿದ ಹಾಗೆ. ಮೂರನೆಯ ದಾರಿಯೊಂದು ಇರಬೇಕು, ದೂರು ಕೊಡುವ ಜಾಗವೊಂದು ಇರಬೇಕು ಎಂದು ಯೋಚಿಸಿದಳು. ಯಾವ ದಾರಿ ಹಿಡಿದರೂ ಅದು ಕೊನೆಗೆ ಆ ವಿಮಾನದ ಬಾಗಿಲಿಗೇ ಹೋಗಿ ಮುಟ್ಟುತ್ತಿತ್ತು.

"ಇನ್ನೊಂದ್ಸಲ ನಿಲ್ಲು" ಎಂದಳು.

ಜೇನ್ ಹೋಗಿ ನಿಂತಳು. ರತ್ನಪ್ರಭಾ ಬೆಳಕಿನ ಚೌಕವನ್ನು ಎರಡೂ ಕಡೆಯಿಂದ ಒಳಕ್ಕೆ ತಂದು ಕಿರಿದು ಮಾಡಿದಳು. ಹಳದಿ ಬೆಳಕು ಹುಡುಗಿಯ ಹೆಗಲುಗಳನ್ನು ಬಿಟ್ಟು ಬೆನ್ನಿನ ಮೇಲಷ್ಟೇ ಉಳಿಯಿತು. ಹೊಸ ಹುಡುಗರು ಹೀಗೆ ತೆಗೆದರೆ ಅವಳೇ ಗದರಿಸುತ್ತಿದ್ದಳು. ಹೊಸ ಫಿಲ್ಮಿನಲ್ಲಿ ಶ್ವಾಸಕೋಶ ಪೂರ್ತಿ ಇತ್ತು. ಹೆಗಲು ಇರಲಿಲ್ಲ. ಮೊದಲಿನದನ್ನು ಹಾಳಾದ ಫಿಲ್ಮುಗಳ ಡಬ್ಬಕ್ಕೆ ಹಾಕಿ, ರಿಜಿಸ್ಟರಿನಲ್ಲಿ ಎರಡನೆಯ ಸಲ ತೆಗೆದ ಕಾರಣ ಬರೆಯಬೇಕಾದ ಕಡೆ 'ರೋಗಿ ಅಲುಗಾಡಿದ್ದರಿಂದ' ಎಂದು ಬರೆದಳು.

ಜೇನ್ ಅವಳ ಕೈ ಮುಟ್ಟಲು ಬಂದಳು. ರತ್ನಪ್ರಭಾ ಕೈ ಹಿಂದಕ್ಕೆಳೆದುಕೊಂಡು, "ಹೊರಗೆ ಕಾಯ್ತಿದಾರೆ, ಹೋಗು" ಎಂದಳು.

ಡಾಕ್ಟರ್ ಬಾದುಶಾ ಫಿಲ್ಮನ್ನು ಎತ್ತಿ ಹಿಡಿದು, "ಸ್ವಲ್ಪ ಬಿಗಿಯಾಗಿ ತೆಗೆದಿದೀರಿ" ಎಂದರು. ಅಷ್ಟೆ. ಸಹಿ ಹಾಕಿದರು. ಅಂದಿನಿಂದ ಚಿಕ್ಕ ಮುಖದ ಯಾವ ಹುಡುಗಿ ಬಂದರೂ ರತ್ನಪ್ರಭಾ ಆ ಸಂಜೆ ಅಡುಗೆ ಬಿಟ್ಟು ಮಲಗಿಬಿಡುತ್ತಿದ್ದಳು. ಹಿತಾ, "ವಾಟ್ ಹ್ಯಾಪನ್ಡ್ ಅಮ್ಮ?" ಎಂದು ಕೇಳಿದರೆ, "ಏನಿಲ್ಲ, ಓದ್ಕೋ ಹೋಗು" ಎನ್ನುತ್ತಿದ್ದಳು.

ಏಳು ತಿಂಗಳು ಕಳೆದು, ಚಳಿ ಶುರುವಾದ ಒಂದು ಶುಕ್ರವಾರ ಅವರು ಮೂವರೂ ಊರಿನ ಬಿಸಿನೀರಿನ ಬುಗ್ಗೆಗೆ ಹೋದರು. ದೊರೆಸ್ವಾಮಿ, ಹಿತಾ ಕಾಲುವೆಯ ದಂಡೆಯಲ್ಲಿ ಮುಂದೆ ಹೋದರು. ರತ್ನಪ್ರಭಾ ಕಟ್ಟೆಯ ಮೇಲೆ ಕೂತಳು. ತುಸು ದೂರದಲ್ಲಿ ಜೇನ್ ಮನೆಯೊಡತಿಯ ಮೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಾಲು ತೊಳೆಯುತ್ತಿದ್ದಳು. ಅವಳೇ ಮೊದಲು ಗುರುತು ಹಿಡಿದು ಹತ್ತಿರ ಬಂದಳು.

"ಚೆನ್ನಾಗಿದೀಯಾ?"

"ಚೆನ್ನಾಗಿದ್ದೇನೆ ಮಾಮಾ."

"ಮನೇಲಿ? ನೀಮಾ?"

"ನೀಮಾ ಹೋದಳು" ಎಂದಳು ಜೇನ್. "ಏಜೆಂಟ್ ಅವಳನ್ನೂ ಕರ್ಕೊಂಡು ಹೋದ. ಬೇರೆ ದೇಶ. ಫೋನಿನಲ್ಲಿ ಅದರ ಹೆಸರು ಅಜ್ಜಿಗೆ ಹೇಳಲಿಕ್ಕೆ ಬರಲಿಲ್ಲ."

ಮಕ್ಕಳಲ್ಲಿ ಎಲ್ಲರಿಗಿಂತ ಚಿಕ್ಕದಾದ ಕೂಸು ಅಳಲು ಶುರುಮಾಡಿತು. ಜೇನ್ ಓಡಿಹೋಗಿ ಎರಡೂ ಕೈ ಚಾಚಿ ಅದನ್ನು ಎತ್ತಿ ಸೊಂಟಕ್ಕೇರಿಸಿಕೊಂಡಳು. ಅವಳು ತೊಟ್ಟಿದ್ದ ಕಪ್ಪು ನಿಲುವಂಗಿ ಅಬಾಯದ ತೋಳುಗಳು ಅವಳ ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲಕ್ಕೆ ನಿಂತಿದ್ದವು. ಒಂದು ಸಲ ಆಗಲೇ ಅವುಗಳ ಅಂಚನ್ನು ಬಿಚ್ಚಿ, ಒಳಗೆ ಮಡಚಿದ್ದ ಬಟ್ಟೆಯನ್ನು ಇಳಿಸಿ ಹೊಲಿದಿದ್ದರು. ಅದೂ ಸಾಲದಾಗಿತ್ತು.